ರಾಜೀವ ಯಾಕೆ ಬಾಯಿ ಬಿಡಲಿಲ್ಲ

ಲೆಂಟ್ ಕಾಲದಲ್ಲಿ, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ನಮ್ಮನೇಲಿ ಸಿನಿಮಾ ನೋಡಂಗಿಲ್ಲ. ಪಾಲಿಸೋದು ಅಮ್ಮ ಒಬ್ರೇ, ಅವರೂ ಡಾ. ರಾಜ್‌ಕುಮಾರ್ ಸಿನಿಮಾ ಬಂದ್ರೆ ಅದು ಸಿನಿಮಾ ಲೆಕ್ಕಕ್ಕೆ ಬರಲ್ಲ ಅಂತ ತಾವೇ ತೀರ್ಪು ಕೊಟ್ಕೊಂಡುಬಿಟ್ಟಿದಾರೆ. ಹಂಗಾಗಿ ಈ ಸಲ ಗುಡ್ ಫ್ರೈಡೇಗೆ ಇನ್ನೂ ಎರಡು ವಾರ ಇರೋವಾಗ ಒಂದು ಶನಿವಾರ ರಾತ್ರಿ, ವೇಮಗಲ್ ಹತ್ರ ಇರೋ ಮಾವನ ಮನೇಲಿ ನಾವೆಲ್ಲಾ ಕೂತ್ಕೊಂಡು ಟಿವೀಲಿ ಬಂಗಾರದ ಮನುಷ್ಯ ನೋಡ್ತಾ ಇದ್ವಿ, ಎಷ್ಟನೇ ಸಲವೋ ಯಾರಿಗೂ ಲೆಕ್ಕ ಇಲ್ಲ.

ನನ್ನ ತೊಡೆ ಮೇಲೆ ಒಂದು ನೋಟ್‌ಬುಕ್ಕು. ಗುಡ್ ಫ್ರೈಡೇ ದಿನ ನಮ್ಮ ಚರ್ಚಲ್ಲಿ ಯೇಸು ಶಿಲುಬೆ ಮೇಲೆ ಆಡಿದ ಏಳು ಮಾತುಗಳ ಬಗ್ಗೆ ಏಳು ಜನ ಮಾತಾಡ್ತಾರೆ, ಈ ವರ್ಷ ಮೊದಲನೇ ಮಾತು ನನಗೆ ಕೊಟ್ಟಿದ್ರು. "ತಂದೆಯೇ ಇವರನ್ನ ಕ್ಷಮಿಸು" ಅನ್ನೋದು. ಸಂಡೇ ಸ್ಕೂಲ್ ಕಾಲದಿಂದ ಕೇಳಿ ಕೇಳಿ ಕಿವಿಗೆ ಸವೆದುಹೋಗಿರೋ ಮಾತು, ಹೊಸದಾಗಿ ಏನು ಹೇಳೋದು? ಪುಟದ ಮೇಲೆ ಆ ಮಾತು ಬರೋ ಬೈಬಲ್ ಅಧ್ಯಾಯ ಲೂಕ 23 ಅಂತ ಬರೆದು ಅಂಡರ್‌ಲೈನ್ ಹಾಕಿದ್ದೆ ಅಷ್ಟೇ. ಎರಡು ಸಲ ಹಾಕಿದ್ದೆ.

ಸಿನಿಮಾ ಕಥೆ ಕನ್ನಡದೋರಿಗೆ ಹೇಳೋದೇನೂ ಬೇಡ, ಆದ್ರೂ ಚಿಕ್ಕೋರು ಯಾರಾದ್ರೂ ಓದ್ತಿದ್ರೆ ಅಂತ. ಟಿ. ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ಡೈರೆಕ್ಷನ್, 1972ರಲ್ಲಿ ಬಂದಿದ್ದು. ರಾಜೀವ ಅಕ್ಕನ ಊರಿಗೆ ಬರ್ತಾನೆ, ಭಾವ ತೀರಿಹೋಗ್ತಾರೆ, ಅಕ್ಕನ ಸಂಸಾರ ತಲೆ ಮೇಲೆ ಹೊತ್ಕೋತಾನೆ, ಯಾರಿಗೂ ಬೇಡವಾಗಿದ್ದ ಬರಡು ನೆಲದಲ್ಲಿ ಬಂಡೆ ಒಡೆದು ಬೆಳೆ ತೆಗೀತಾನೆ. ಅಕ್ಕನ ಮಕ್ಕಳನ್ನ ಓದಿಸ್ತಾನೆ. ಕೊನೆಗೆ ಅದೇ ಮಕ್ಕಳಲ್ಲಿ ಒಬ್ಬ ಇವನ ಮೇಲೆ ಅನುಮಾನ ಪಟ್ಟು ಮಾತಾಡಿ, ಇವನು ಮನೆ ಬಿಟ್ಟು ಹೋಗ್ತಾನೆ.

ಎಲ್ಲರಿಗೂ ನೆನಪಿರೋದು ಬಂಡೆ ಒಡೆಯೋದು. ಈ ಸಿನಿಮಾ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ವಾಪಸ್ ಹೋದೋರು ಇದಾರೆ ಅಂತ ಈಗಲೂ ಹೇಳ್ತಾರೆ. ಕೋಲಾರದೋರಿಗಂತೂ ಬಂಡೆ ಅಂದ್ರೆ ಬೇರೆ ಹೇಳಬೇಕಾ, ಅಂತರಗಂಗೆ ಬೆಟ್ಟ ನೋಡ್ಕೊಂಡೇ ಹುಟ್ಟಿದೋರು, ಸಾವಿರದೈನೂರು ಅಡಿ ಬೋರ್ ಕೊರೆಸಿದ್ರೂ ಬರೀ ಧೂಳು ಬಂದಿದ್ದನ್ನ ನೋಡಿದೋರು. ನಮ್ಮ ಪಾಸ್ಟರೂ ಹಿಂದೊಂದ್ಸಲ ಪ್ರಸಂಗದಲ್ಲಿ ಇದೇ ಸೀನ್ ಹೇಳಿದ್ರು, ಮತ್ತಾಯ 13ರ ಬಿತ್ತುವವನ ಸಾಮ್ಯ, ಬಂಡೆ ನೆಲದ ಮೇಲೆ ಬಿದ್ದ ಬೀಜ ಒಣಗ್ತು ಅಂತ ಇದೆಯಲ್ಲ, ರಾಜೀವ ಬಂಡೆಯನ್ನೇ ಒಡೆದ ನೋಡಿ, ದೇವರು ನಮ್ಮ ಹೃದಯಾನೂ ಹಂಗೆ ಒಡೀತಾನೆ ಅಂತ. ಚೆನ್ನಾಗೇ ಇತ್ತು. ಆದ್ರೆ ಹಿಂದಿನ ಬೆಂಚಲ್ಲಿದ್ದ ನಮ್ಮ ಮಾವ ಆಮೇಲೆ ಹೊರಗೆ ಬಂದು, ಪಾಸ್ಟರಿಗೆ ಜೆಸಿಬಿ ಬಾಡಿಗೆ ಗಂಟೆಗೆ ಎಷ್ಟು ಅಂತ ಗೊತ್ತಿಲ್ಲ ಪಾಪ ಅಂದ್ರು.

ನನ್ನನ್ನ ಆವತ್ತು ರಾತ್ರಿ ಹಿಡಿದು ನಿಲ್ಲಿಸಿದ್ದು ಬಂಡೆ ಅಲ್ಲ, ಶರಾವ್ವ. ರಾಜೀವ ಆಗಾಗ ಗುಟ್ಟಾಗಿ ಹೋಗಿ ನೋಡ್ಕೊಂಡು ದುಡ್ಡು ಕೊಟ್ಟು ಬರ್ತಾನಲ್ಲ, ಆರತಿ ಮಾಡಿರೋ ಪಾತ್ರ. ಅವಳು ಕುಟುಂಬದಲ್ಲೇ ಇನ್ನೊಬ್ಬರು ಗುಟ್ಟಾಗಿ ಕಟ್ಕೊಂಡೋಳು. ತಪ್ಪು ಬೇರೆಯೋರದು, ಹೆಸರು ಕೆಡೋದು ಇವನದು. ಮನೆಯೋರು ಇವನಿಗೇ ಸಂಬಂಧ ಕಟ್ಟಿ ಮಾತಾಡ್ತಾರೆ. ಒಂದೇ ಒಂದು ಮಾತು, ಅವಳು ಯಾರಿಗೆ ಸೇರಿದೋಳು ಅಂತ ಹೇಳಿಬಿಟ್ಟಿದ್ರೆ ಅಲ್ಲಿಗೆ ಕೇಸ್ ಮುಗೀತಿತ್ತು. ಹೇಳಲ್ಲ ಅವನು. ಸತ್ಯ ಹೊರಗೆ ಬರೋ ಹೊತ್ತಿಗೆ ಅವನು ಹೋಗಿಯಾಗಿರುತ್ತೆ.

ಚಿಕ್ಕೋಳಿದ್ದಾಗ ಇಲ್ಲಿ ನನಗೆ ಸಿಟ್ಟು ಬರ್ತಿತ್ತು, ಹೇಳೋ ಹೇಳೋ ಅಂತ ಟಿವಿಗೆ ಬೈತಿದ್ದೆ. ಈ ಸಲ ತೊಡೆ ಮೇಲೆ ಲೂಕ ಇದ್ನಲ್ಲ, ತಟ್ಟನೆ ಮತ್ತಾಯ 27 ತಲೇಲಿ ಬಂತು. ಮಹಾಯಾಜಕರೂ ಹಿರಿಯರೂ ಒಂದರ ಮೇಲೊಂದು ದೂರು ಹೇಳ್ತಾರೆ, ಯೇಸು ಒಂದಕ್ಕೂ ಉತ್ತರ ಕೊಡಲ್ಲ, ವಿಚಾರಣೆ ಮಾಡ್ತಿದ್ದ ರೋಮನ್ ಅಧಿಪತಿ ಪಿಲಾತನಿಗೇ ಆಶ್ಚರ್ಯ ಆಗುತ್ತೆ, ಇವೆಲ್ಲಾ ಕೇಳಿಸ್ತಿಲ್ವಾ ನಿನಗೆ ಅಂತಾನೆ. ಯೆಶಾಯ 53ರಲ್ಲೂ ಅದೇ, ಅವನು ಬಾಯಿ ತೆರೆಯಲಿಲ್ಲ ಅಂತ. ಬೇರೆಯೋರ ಪಾಪ ಹೊತ್ತ ಅನ್ನೋದನ್ನ ನಾನು ಇಷ್ಟು ವರ್ಷ ಮೂಟೆ ಹೊರೋ ಥರ ಕಲ್ಪನೆ ಮಾಡ್ಕೊಂಡಿದ್ದೆ, ಭಾರ, ಬೆವರು, ರಕ್ತ. ಬೇರೆಯೋರ ಪಾಪ ಹೊರೋದು ಅಂದ್ರೆ ಊರು ನಿನ್ನನ್ನೇ ಪಾಪಿ ಅಂತ ನೋಡೋದು, ನೋಡ್ಲಿ ಅಂತ ಬಿಡೋದು, ಇದು ಹೊಳೆದಿರಲಿಲ್ಲ. ಆ ಅವಮಾನ ಹೆಂಗಿರುತ್ತೆ ಅಂತ ನನಗೆ ತೋರಿಸಿದ್ದು ಬಿಳಿ ಪಂಚೆ ಉಟ್ಟ ರಾಜ್‌ಕುಮಾರ್, ಯಾವ ಪ್ರಸಂಗಾನೂ ಅಲ್ಲ. ಏಳು ಮಾತುಗಳ ಬಗ್ಗೆ ವರ್ಷಾವರ್ಷ ಕೇಳ್ತೀವಿ, ಆಡದೇ ಬಿಟ್ಟ ಮಾತುಗಳ ಬಗ್ಗೆ ಯಾರೂ ಮಾತಾಡಲ್ಲ.

ಹಂಗಂತ ಸಿನಿಮಾದೊಳಗೆ ಯೇಸು ಬಚ್ಚಿಟ್ಕೊಂಡಿದಾನೆ ಅಂತ ನಾನು ಹೇಳ್ತಿಲ್ಲ. ಪಕ್ಕದ ಮನೆ ಅಜ್ಜಿಗೆ ಅದೇ ರಾಜೀವ ಕಾಡಿಗೆ ಹೋದ ಶ್ರೀರಾಮನ ಥರ ಕಾಣ್ತಾನೆ, ಅವರು ನೋಡಿದ್ದೂ ಸುಳ್ಳಲ್ಲ. ಎಲ್ಲದಕ್ಕೂ ಶಿಲುಬೆ ಅಂಟಿಸೋ ಚಟ ನಮ್ಮೋರಲ್ಲಿ ಕೆಲವರಿಗಿದೆ, ಹೀರೋ ಎರಡು ಕೈ ಚಾಚಿ ನಿಂತ್ರೆ ಸಾಕು ವಾಟ್ಸಾಪ್ ಸ್ಟೇಟಸ್ಸು.

ಇನ್ನೊಂದು ವಿಷಯ ನನಗೆ ಮುಳ್ಳಿನ ಥರ ಚುಚ್ಚುತ್ತೆ. ಮೌನ ದೊಡ್ಡದು ಅಂತ ಹೇಳೋಕೆ ಮುಂಚೆ ನೂರು ಸಲ ಯೋಚಿಸಬೇಕು, ಯಾಕಂದ್ರೆ ನಮ್ಮ ಕಡೆ ಅದನ್ನ ಹೇಳೋದು ಯಾವಾಗ್ಲೂ ಹೆಂಗಸರಿಗೆ. ಗಂಡ ಕುಡಿದು ಹೊಡೀತಾನೆ ಅಂತ ಒಬ್ಬಳು ಬಂದ್ರೆ ಯೇಸುವೂ ಬಾಯಿ ತೆರೀಲಿಲ್ಲ ಕಣಮ್ಮ ತಾಳ್ಕೋ ಅಂದಿದ್ದನ್ನ ನಾನೇ ಕಿವಿಯಾರೆ ಕೇಳಿದೀನಿ, ಹೇಳಿದೋರು ಯಾರು ಅಂತ ಬೇಡ. ಸಿನಿಮಾದಲ್ಲೂ ನೋಡಿ, ರಾಜೀವನ ಮೌನದಿಂದ ಉಳಿದಿದ್ದು ತಪ್ಪು ಮಾಡಿದೋರ ಮರ್ಯಾದೆ, ಶರಾವ್ವ ಮಾತ್ರ ಕತ್ತಲಲ್ಲೇ ಇದ್ಲು. ಯೋಹಾನ 4ರಲ್ಲಿ, ಯೆಹೂದ್ಯರು ದೂರ ಇಡ್ತಿದ್ದ ಸಮಾರ್ಯದ ಹೆಂಗಸಿನ ಜೊತೆ ಯೇಸು ಮಧ್ಯಾಹ್ನದ ಬಿಸಿಲಲ್ಲಿ ಬಾವಿ ಹತ್ರ ಕೂತು ಎಲ್ಲರಿಗೂ ಕಾಣೋ ಹಂಗೆ ಮಾತಾಡ್ತಾನೆ, ಶಿಷ್ಯರು ಬಂದು ನೋಡಿದ್ರೂ ತಲೆ ಕೆಡಿಸ್ಕೊಳಲ್ಲ. ತನ್ನ ಮೇಲೆ ದೂರು ಬಂದಾಗ ಸುಮ್ಮನಿದ್ದೋನು ಬೇರೆಯೋರ ವಿಷಯಕ್ಕೆ ಸುಮ್ಮನಿರಲಿಲ್ಲ. ಈ ವ್ಯತ್ಯಾಸಾನ ನೋಟ್‌ಬುಕ್ಕಲ್ಲಿ ಬರ್ಕೊಂಡೆ, ಗುಡ್ ಫ್ರೈಡೇ ದಿನ ಹೇಳಿದೆ ಕೂಡ, ಒಂದಿಬ್ಬರು ಹಿರಿಯರ ಮುಖ ಸಪ್ಪಗಾಯ್ತು.

ಮಾವನ ವಿಷಯ ಹೇಳಬೇಕು. ನಾನು ಎಂಟನೇ ಕ್ಲಾಸಲ್ಲಿರೋವಾಗ ನಮ್ಮಪ್ಪಾನೂ ಮಾವಾನೂ ಸೇರಿ ಟೊಮ್ಯಾಟೊ ಹಾಕಿದ್ರು. ಹದಿನೈದು ಕೇಜಿ ಬಾಕ್ಸು, ಬೆಳಗಿನ ಜಾವ ಟೆಂಪೋಗೆ ಹಾಕ್ಕೊಂಡು ಕೋಲಾರದ ಎಪಿಎಂಸಿ ಮಂಡಿಗೆ. ಆ ಸೀಸನ್ ಲೆಕ್ಕದಲ್ಲಿ ಮೂವತ್ತೆರಡು ಸಾವಿರ ಕಮ್ಮಿ ಬಂತು. ದುಡ್ಡು ತರ್ತಿದ್ದಿದ್ದು ಮಾವ, ಅವರೇ ಇಸ್ಪೀಟಲ್ಲಿ ಕಳೆದಿರಬೇಕು ಅಂತ ಮಾತು ಎದ್ದಿತು, ಅಜ್ಜಿ ಮುಖಕ್ಕೇ ಅಂದ್ರು. ಮಾವ ತಲೆ ತಗ್ಗಿಸ್ಕೊಂಡು ಮುದ್ದೆ ಮುರೀತಾನೇ ಇದ್ರು, ಆ ಬೆರಳು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ, ಒಂದೇ ತುತ್ತನ್ನ ಸಾರಲ್ಲಿ ಅದ್ದಿ ಅದ್ದಿ ತೆಗೀತಿದ್ರು, ಬಾಯಿಗೆ ಇಡಲಿಲ್ಲ. ನಾಲ್ಕು ವರ್ಷ ಆದ್ಮೇಲೆ ಅಪ್ಪಾನೇ ಅಮ್ಮನ ಹತ್ರ ಒಪ್ಕೊಂಡ್ರು, ಮಂಡಿಯೋರ ಹತ್ರ ಮುಂಗಡ ಎತ್ತಿದ್ದು ತಾನೇ ಅಂತ, ಮಾವನಿಗೆ ಮೊದಲಿಂದ ಗೊತ್ತಿತ್ತು ಅಂತ. ಅಮ್ಮ ಅಳ್ತಾ ಹೋಗಿ ಕೇಳಿದ್ರೆ ಮಾವ ಹೇಳಿದ್ದು ಇಷ್ಟೇ. "ಅವತ್ತು ಹೇಳಿದ್ರೆ ಭಾವ ಮತ್ತೆ ನಮ್ಮನೇಲಿ ಊಟಕ್ಕೆ ಕೂರ್ತಿದ್ರಾ ಅಕ್ಕ?"

ಆ ನಾಲ್ಕು ವರ್ಷಾನೂ ಮಾವ ಪ್ರತಿ ಭಾನುವಾರ ಚರ್ಚ್ ಮುಗಿಸ್ಕೊಂಡು ನಮ್ಮನೆಗೆ ಬರ್ತಿದ್ರು. ಅವರನ್ನ ಕಳ್ಳ ಅಂತ ನಂಬಿದ್ದ ಮನೆಗೇ. ಸೊಪ್ಪು ತರ್ತಿದ್ರು, ನನಗೆ ಲೆಕ್ಕ ಹೇಳ್ಕೊಡ್ತಿದ್ರು.

ಅದಕ್ಕೇ ಇರಬೇಕು, ಆವತ್ತು ಸಿನಿಮಾ ಕೊನೆಗೆ ಬರ್ತಿದ್ದಂಗೆ ಮಾವ ಎದ್ದುಬಿಟ್ರು. ತ್ರೀ ಫೇಸ್ ಕರೆಂಟ್ ಬಂದಿರುತ್ತೆ ಮೋಟ್ರು ಹಾಕ್ಬೇಕು ಅಂತ ಟಾರ್ಚ್ ಹುಡುಕೋಕೆ ಶುರು ಮಾಡಿದ್ರು.

"ಇನ್ನು ಐದೇ ನಿಮಿಷ ಕೂತ್ಕೊಳಿ ಮಾವ, ರಾಜೀವ ಹೋಗ್ತಾನೆ ಈಗ" ಅಂದೆ.

"ಅದೇ ನನಗೆ ಹಿಡಿಸಲ್ಲ ಕಣಮ್ಮ, ಅವನು ಹೋಗಬಾರದಿತ್ತು" ಅಂದ್ರು. "ಎಲ್ಲಾ ಸರಿ ಮಾಡ್ದ, ಕೊನೇಲಿ ಹೋಗ್ಬಿಟ್ಟ. ಆ ಹುಡುಗ ನಾಳೆ ಬೆಳಿಗ್ಗೆ ಯಾರ ಮುಖ ನೋಡಿ ತಪ್ಪಾಯ್ತು ಅನ್ಬೇಕು?"

ನಾನು ಯೋಹಾನ 21 ನೆನೆಸ್ಕೊಂಡೆ. ಯೇಸು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಅಂದಿದ್ದ ಶಿಷ್ಯ ಪೇತ್ರನಿಗೆ ಯೇಸುವೇ ಕೆರೆ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟಿಟ್ಟು, ಬನ್ನಿ ಊಟ ಮಾಡಿ ಅಂತ ಕರೆದದ್ದು. ಮಾವನಿಗೆ ಹೇಳೋಣ ಅಂದ್ಕೊಂಡೆ, ಅಷ್ಟೊತ್ತಿಗೆ ಟಾರ್ಚ್ ಬೆಳಕು ಬದು ದಾಟಿತ್ತು.

ಸಿನಿಮಾ ಮುಗೀತು, ಅಮ್ಮ ಕಣ್ಣೊರೆಸ್ಕೊಂಡು ಟಿವಿ ಆಫ್ ಮಾಡಿದ್ರು. ಅರ್ಧ ಗಂಟೆ ಬಿಟ್ಟು ಮಾವ ಮೊಣಕಾಲವರೆಗೂ ಕೆಸರು ಮಾಡ್ಕೊಂಡು ವಾಪಸ್ ಬಂದು, ಬಾಗಿಲಲ್ಲೇ ನಿಂತು, ಬಸ್ಸಾರು ಉಳಿದಿದೆಯಾ ಅಂತ ಕೇಳಿದ್ರು.