ಟೂರ್ ಬಸ್ ಬಿಡಿ, ಬರ್ನಂ ಬೆಟ್ಟಕ್ಕೆ ರೈಲು ಹತ್ತಿ

ಸ್ಕಾಟ್ಲೆಂಡಿಗೆ ಹೋಗುವವರಿಗೆ ಮೊದಲು ಇದನ್ನೇ ಹೇಳುತ್ತೇನೆ: ಎಡಿನ್‌ಬರೋದಿಂದ ಒಂದೇ ದಿನದಲ್ಲಿ ಹೈಲ್ಯಾಂಡ್ಸ್ (ಉತ್ತರದ ಬೆಟ್ಟಗಾಡು) ತೋರಿಸುವ ಟೂರ್ ಬಸ್ ಹತ್ತಬೇಡಿ. ನಾವು ತಲೆಗೆ 60 ಪೌಂಡ್ ಕೊಟ್ಟು ಹೋದೆವು. ಬೆಳಿಗ್ಗೆ 8ಕ್ಕೆ ಹೊರಟು ರಾತ್ರಿ 8ಕ್ಕೆ ವಾಪಸ್. ನೆಲಕ್ಕೆ ಕಾಲಿಟ್ಟಿದ್ದು ಎಲ್ಲ ಸೇರಿ ಎರಡು ಗಂಟೆಯೂ ಇಲ್ಲ. ಗ್ಲೆನ್‌ಕೋದಂಥ ಕಣಿವೆಯಲ್ಲಿ ಬರೀ 15 ನಿಮಿಷ! ಹಿಂದಿನ ಸೀಟಿನಲ್ಲಿದ್ದ ಅಮ್ಮನಿಗೆ ದಾರಿಯುದ್ದಕ್ಕೂ ಹೊಟ್ಟೆ ತೊಳೆಸುತ್ತಿತ್ತು. ಅಷ್ಟು ದೂರ ಹೋಗಿ ಕಿಟಕಿ ಗಾಜು ನೋಡಿಕೊಂಡು ಬಂದ ಸಂಕಟ ಇನ್ನೂ ಹೋಗಿಲ್ಲ.

ಆಮೇಲೆ ಒಂದು ದಿನ ಸುಮ್ನೆ ಸಾಮಾನ್ಯ ರೈಲು ಹತ್ತಿ ಬರ್ನಂ ಬೆಟ್ಟಕ್ಕೆ ಹೋದೆವು. ಎಡಿನ್‌ಬರೋದಿಂದ ಉತ್ತರಕ್ಕೆ ಇನ್‌ವರ್ನೆಸ್ ಊರಿಗೆ ಹೋಗುವ ಲೈನಿನಲ್ಲಿ ಪರ್ತ್ ಆದ ಮೇಲಿನ ಸ್ಟೇಷನ್ 'ಡಂಕೆಲ್ಡ್ ಅಂಡ್ ಬರ್ನಂ'. ಎಲ್ಲ ರೈಲೂ ನಿಲ್ಲುವುದಿಲ್ಲ, ನೋಡಿ ಹತ್ತಿ. ಪ್ಲಾಟ್‌ಫಾರ್ಮ್ ಬಹಳ ತಗ್ಗು. ಇಳಿಯಲು ಮೆಟ್ಟಿಲಿನ ಪೆಟ್ಟಿಗೆ ಇಟ್ಟಿರುತ್ತಾರೆ. ಮಂಡಿನೋವು ಇರುವವರು ಅದರ ಎದುರಿನ ಬಾಗಿಲಿಗೇ ಹೋಗಿ.

ಬೆಟ್ಟದ ದಾರಿ ಸ್ಟೇಷನ್ ಪಕ್ಕದಿಂದಲೇ ಶುರು. ಕಾರು ಬೇಡ, ಟಿಕೆಟ್ ಇಲ್ಲ, ಗೇಟು ಇಲ್ಲ. ಎತ್ತರ 404 ಮೀಟರ್ ಅಷ್ಟೇ ಅಲ್ವಾ ಅನ್ನಬೇಡಿ. ಹೊರಡುವುದು ಹೆಚ್ಚುಕಡಿಮೆ ಟೇ ನದಿಯ ಮಟ್ಟದಿಂದ. ಸುತ್ತು ಹಾಕಿ ಬರಲು ಆರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ನಮಗೆ ಮೂರೂವರೆ ಗಂಟೆ ಹಿಡಿಯಿತು. ಮೊದಲು ಕಾಡು, ಮೇಲೆ ಹೆದರ್ ಎಂಬ ಕುರುಚಲು ಪೊದೆ. ಆಗಸ್ಟ್ ಆದ್ದರಿಂದ ನೇರಳೆ ಹೂವು ಮಂಡಿಯವರೆಗೆ ಒತ್ತೊತ್ತಾಗಿ ಬಿಟ್ಟಿತ್ತು. ಒಂದೊಂದು ಹೂವೂ ರಾಗಿ ಕಾಳಿಗಿಂತ ತುಸು ದೊಡ್ಡದು, ತುಂಬ ಜೇನುನೊಣ. ತುದಿಯ ಹೆಸರು ಕಿಂಗ್ಸ್ ಸೀಟ್. ಕೆಳಗೆ ನದಿ ತಿರುವು, ಡಂಕೆಲ್ಡ್ ಊರು. ಇಡೀ ದಾರಿಯಲ್ಲಿ ಸಿಕ್ಕವರು ನಾಲ್ಕೇ ಜನ. ಜನಜಂಗುಳಿ ಕಂಡರೆ ಆಗದ ನನಗೆ ಇದಕ್ಕಿಂತ ಇನ್ನೇನು ಬೇಕು!

ಎರಡು ಎಚ್ಚರಿಕೆ. ಇಳಿಯುವಾಗ ಬೇರುಗಳ ಮೇಲೆ ಕಾಲು ಜಾರುತ್ತದೆ, ಹಿಡಿತ ಇರುವ ಶೂ ಬೇಕು. ಜರಿಗಿಡಗಳ ನಡುವೆ ಉಣುಗು ಇರುತ್ತವೆ, ಅವು ಕಚ್ಚಿದರೆ ಲೈಮ್ ಎಂಬ ಸೋಂಕು ಕಾಯಿಲೆ ಬರಬಹುದು. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ. ರೂಮಿಗೆ ಬಂದ ಮೇಲೆ ಮಂಡಿಯ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಊಟ. ಊರೊಳಗಿನ ಒಂದು ಪುಟ್ಟ ಹೋಟೆಲಿನಲ್ಲಿ 5 ಪೌಂಡಿಗೆ ಲೆಂಟಿಲ್ ಸೂಪ್ ಸಿಕ್ಕಿತು. ಮಸೂರ್ ಬೇಳೆ, ಕ್ಯಾರೆಟ್, ಈರುಳ್ಳಿ ಕರಗುವಷ್ಟು ಬೇಯಿಸಿದ್ದರು. ಮೇಲೆ ಕಾಳುಮೆಣಸಿನ ಪುಡಿ, ಪಕ್ಕದಲ್ಲಿ ಹೆಬ್ಬೆರಳು ದಪ್ಪದ ಬ್ರೆಡ್ಡು, ಉಪ್ಪು ಬೆಣ್ಣೆ. ಹತ್ತು ದಿನದಿಂದ ಸ್ಯಾಂಡ್‌ವಿಚ್ ತಿಂದಿದ್ದ ಬಾಯಿಗೆ ಬಿಸಿ ತೊವ್ವೆ ಬಿದ್ದ ಹಾಗಾಯಿತು. ಹುಡುಗಿ ಕೇಳದೆಯೇ ಇನ್ನೊಂದು ತುಂಡು ಬ್ರೆಡ್ಡು ತಂದಿಟ್ಟಳು. ಸಸ್ಯಾಹಾರಿಗಳು ಒಂದು ಮಾತು ಕೇಳಿಯೇ ತಿನ್ನಿ. ಅಲ್ಲಿ ಈ ಸೂಪನ್ನು ಹಂದಿ ಮೂಳೆಯ ರಸದಲ್ಲಿ ಬೇಯಿಸುವ ರೂಢಿಯೂ ಇದೆ. ಇಲ್ಲಿ ಹಾಕಿರಲಿಲ್ಲ.

ಎರಡನೇ ಬಟ್ಟಲು ತರಿಸಿಕೊಂಡು ರೈಲು ತಪ್ಪಿತು. ಮುಂದಿನದಕ್ಕೆ ಎರಡು ಗಂಟೆ ಕಾಯಬೇಕಿತ್ತು. ಬೆಟ್ಟ ಹತ್ತದೆ ಕೆಳಗೇ ಉಳಿದಿದ್ದ ಅಮ್ಮ, ತಾನು ನೋಡಿ ಬಂದಿದ್ದ ಮರ ತೋರಿಸಲು ನಮ್ಮನ್ನು ನದಿ ದಡಕ್ಕೆ ಕರೆದುಕೊಂಡು ಹೋದರು. ಅದೇ ಬರ್ನಂ ಓಕ್. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕದಲ್ಲಿ ನಡೆದು ಬರುವ ಬರ್ನಂ ಕಾಡಿನಿಂದ ಉಳಿದದ್ದು ಎಂದು ಹೇಳುತ್ತಾರೆ. ದಾರಿ ಸಮತಟ್ಟು, ವಯಸ್ಸಾದವರೂ ನಡೆಯಬಹುದು. ಬಾಗಿದ ಕೊಂಬೆಗಳಿಗೆ ಮರದ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಅಮ್ಮ ಮತ್ತೊಮ್ಮೆ ಅದರ ಬುಡ ಸುತ್ತಿ ಬಂದು, ತೊಗಟೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತರು.