ಅಘನಾಶಿನಿ ಕೆಸರಿನ್ಯಾಗ ಒಂದು ಮುಂಜಾನೆ

ಕಲಬುರಗಿಯಿಂದ ಕುಮಟಾ ತನಕ ಬಸ್ಸಿನ್ಯಾಗ ಕುಂತು ಕುಂತು ನಡಾ ಹಿಡಕೊಂಡಿತ್ತು ಖರೆ, ಆದ್ರ ಅಘನಾಶಿನಿ ನದಿ ಸಮುದ್ರ ಸೇರೋ ಜಾಗ ನೋಡಿದ ಮ್ಯಾಲ ಎಲ್ಲಾ ಮರ್ತೇ ಹೋಯ್ತು ನೋಡ್ರಿ. ಭೀಮಾ ನೋಡ್ಕೋತ ಬೆಳದ ನಮಗ ನದಿ ಅಂದ್ರ ಒಂದೇ ದಿಕ್ಕಿಗಿ ಹರಿಯೋದು, ಇಲ್ಲಿ ಭರತಿ ಬಂದ್ರ ಉಪ್ಪುನೀರು ಹಿಂದಕ್ಕ ಏರಿ ಬರ್ತದ, ಇಳಿತ ಆದ್ರ ಬರೇ ಕೆಸರು.

ಆ ಕೆಸರಿನ ದಂಡಿಗಿ ಕುಕ್ಕರಗಾಲಿಲೆ ಕುಂತೆ. ಕಾಂಡ್ಲಾ (ಉಪ್ಪುನೀರಿನ ಕೆಸರಿನ್ಯಾಗ ಬೆಳಿಯೋ ಮ್ಯಾಂಗ್ರೋವ್) ಗಿಡದ ಉಸಿರಾಡೋ ಬೇರು ಪೆನ್ಸಿಲ್ ನೆಟ್ಟಂಗ ಮ್ಯಾಲ ಎದ್ದಾವ, ಅವುಗಳ ನಡುವ ಸಣ್ಣ ಸಣ್ಣ ಏಡಿ, ಗಂಡು ಏಡಿಗಿ ಒಂದೇ ಕೊಂಡಿ ಭಾಳ ದೊಡ್ಡದು, ಅದನ್ನ ಎತ್ತಿ ಎತ್ತಿ ಬೀಸಿ ಹೆಣ್ಣನ್ನ ಕರೀತದ, ನಾ ಸ್ವಲ್ಪ ಅಲುಗಾಡಿದ್ರ ಸಾಕು ಗಪ್ಪಂತ ಬಿಲದಾಗ!

ಈ ನದಿಗಿ ದೊಡ್ಡ ಡ್ಯಾಮ್ ಇಲ್ಲ. ಅದಕ್ಕೇ ಸಿಹಿನೀರು ಉಪ್ಪುನೀರು ಕೂಡಿ ಬಳಚು ಅನ್ನೋ ಚಿಪ್ಪಿನ ಜೀವಿ ಇಷ್ಟು ಬೆಳೀತಾವ, ಉಪ್ಪುನೀರು ನುಗ್ಗೋ ತಗ್ಗಿನ ಗಜನಿ ಗದ್ದ್ಯಾಗ ಉಪ್ಪು ತಡ್ಕೊಳ್ಳೋ ಕಗ್ಗ ಭತ್ತ ಬೆಳೀತದ. 2024ರಾಗ ಈ ಜಾಗ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗಿ ಸೇರಿತು, ನನಗಂತೂ ಭಾಳ ಖುಷಿ ಆಗಿತ್ತು.

ಬಳಚು ಆರಿಸ್ತಿದ್ದ ಅಕ್ಕ ಒಬ್ರು ಕೂಗಿದ್ರು, "ನೀರು ಏರ್ತಾ ಉಂಟು, ಮೇಲೆ ಬನ್ನಿ." ತಿರುಗಿ ನೋಡೋದ್ರಾಗ ಏಡಿ ಬಿಲ ಎಲ್ಲಾ ಮುಳುಗಿದ್ವು.