ಎರಡು ಗೂಡು ಜೋಡಿ ಆಗೋವರೆಗೂ

ರೇಷ್ಮೆ ಗೂಡಲ್ಲಿ ಓಲೆ, ಜುಮ್ಕಿ, ಸರ ಮಾಡ್ತೀನಿ ಅಂತ ಗೊತ್ತಾದ ತಕ್ಷಣ ಜನ ಕೇಳೋ ಮೊದಲ್ನೇ ಪ್ರಶ್ನೆ, ಡಿಸೈನ್ ಎಲ್ಲಾ ಎಲ್ಲಿಂದ ಬರುತ್ತೆ ನಿಮ್ಗೆ ಅಂತ. ಡಿಸೈನ್ ಬರುತ್ತೆ, ಅದೇನು ದೊಡ್ಡ ಕಷ್ಟ ಅಲ್ಲ, ಅಡುಗೆ ಮಾಡ್ತಾ ಇರೋವಾಗ ಬರುತ್ತೆ, ಬಸ್ಸಲ್ಲಿ ಮುಂದಿನ ಸೀಟಿನೋರ ಸೀರೆ ಅಂಚು ನೋಡಿ ಬರುತ್ತೆ, ನಂದಿ ಊರಿನ ಭೋಗನಂದೀಶ್ವರನ ಗುಡಿಗೆ ಒಂದು ಸಲ ಹೋಗಿ ಕಲ್ಲಲ್ಲಿ ಕೆತ್ತಿರೋದನ್ನ ನೋಡ್ಕೊಂಡು ಬಂದ್ರೆ ಒಂದು ವರ್ಷಕ್ಕಾಗುವಷ್ಟು ಸಿಗುತ್ತೆ. ಕೆಲಸ ಇರೋದು ಬೇರೆ ಕಡೆ. ಕಿವಿ ಎರಡು ಇವೆಯಲ್ಲ, ಆ ಎರಡಕ್ಕೂ ಒಂದೇ ಥರ ಕಾಣೋ ಗೂಡು ಹುಡುಕ್ಬೇಕು. ಒಂದು ಹುಳ ಕಟ್ಟಿದ ಹಾಗೆ ಇನ್ನೊಂದು ಹುಳ ಕಟ್ಟಲ್ಲ, ನನ್ನ ದಿನದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಹುಡುಕಾಟದಲ್ಲೇ ಹೋಗುತ್ತೆ.

ನಮ್ದು ಶಿಡ್ಲಘಟ್ಟ. ಇಲ್ಲಿ ಗೂಡು ಅಂದ್ರೆ ಕೆಜಿ ಲೆಕ್ಕ. ಮಾರ್ಕೆಟ್ಟಲ್ಲಿ ಜಾಲರಿಗೆ ಸುರಿದು, ಲಾಟ್ ಆಗಿ, ಹರಾಜಾಗಿ, ರೀಲರ್ ಮನೆಗೆ ಹೋಗಿ ಬಿಸಿನೀರಲ್ಲಿ ಬೆಂದು ನೂಲಾಗಬೇಕು, ಅಷ್ಟೇ ಅದರ ದಾರಿ. ನಾನು ಹುಟ್ಟಿದ್ದೂ ರೇಷ್ಮೆ ಬೆಳೆಯೋ ಮನೇಲಿ. ಹುಳ ಹಣ್ಣಾಗಿ ಗೂಡು ಕಟ್ಟೋಕೆ ರೆಡಿಯಾದ ರಾತ್ರಿ ಮನೆಮಂದಿಯೆಲ್ಲಾ ನಿದ್ದೆ ಬಿಟ್ಟು ಕೂತು ಹುಳ ಆರಿಸಿ, ಗೂಡು ಕಟ್ಟೋಕೆ ಅಂತ ಇರೋ ಬಿದಿರಿನ ತಟ್ಟೆ ಚಂದ್ರಂಕಿಗೆ ಬಿಡೋದನ್ನ ನೋಡ್ಕೊಂಡೇ ಬೆಳೆದೋಳು. ಅದಕ್ಕೇ ಒಳ್ಳೆ ಗೂಡಿಗೆ ಕತ್ತರಿ ಹಾಕೋಕೆ ನಂಗೆ ಇವತ್ತಿಗೂ ಮನಸ್ಸು ಒಪ್ಪಲ್ಲ. ಬೈವೋಲ್ಟೀನ್ ಅಂದ್ರೆ ವರ್ಷಕ್ಕೆ ಎರಡು ಪೀಳಿಗೆ ಆಗೋ ತಳಿ, ಅದರ ಒಂದು ಒಳ್ಳೆ ಗೂಡಲ್ಲಿ ಸಾವಿರ ಮೀಟರ್ ಆಸುಪಾಸು ಎಳೆ ಒಂದೇ ಸಮ ಇರುತ್ತೆ, ಅದು ಸೀರೆಗೆ ಹೋಗ್ಬೇಕಾದ್ದು, ನನ್ನ ಕತ್ತರಿಗಲ್ಲ.

ನಾನು ತಗೊಳ್ಳೋದು ರೀಲರ್‌ಗೆ ಬೇಡವಾದ ಗೂಡು. ಅದ್ರಲ್ಲೂ ಬೇರೆ ಬೇರೆ ಥರ ಇದೆ. ಊಜಿ ನೊಣ ಹೊಡೆದಿರೋ ಗೂಡು ಒಂದು. ಈ ಊಜಿ ನಮ್ಮ ರಾಜ್ಯಕ್ಕೆ ಬಂದಿದ್ದೇ 1980ರಲ್ಲಿ, ಪಶ್ಚಿಮ ಬಂಗಾಳದ ಕಡೆಯಿಂದ, ಅಲ್ಲಿಂದ ಇಲ್ಲಿವರೆಗೂ ಹುಳದ ಮನೆ ಕಿಟಕಿಗೆಲ್ಲಾ ನೈಲಾನ್ ಪರದೆ ಕಟ್ಟೋದು ತಪ್ಪಿಲ್ಲ. ನೊಣ ಹುಳದ ಮೈಮೇಲೆ ಮೊಟ್ಟೆ ಇಡುತ್ತೆ, ಅದರ ಮರಿ ರೇಷ್ಮೆ ಹುಳವನ್ನೇ ತಿಂದು ಬೆಳೆದು ಗೂಡು ಕೊರ್ಕೊಂಡು ಹೊರಗೆ ಬರುತ್ತೆ. ಆ ತೂತು ಸಣ್ಣದು, ಗುಂಡಗೆ ಇರುತ್ತೆ, ಹೆಡ್ ಪಿನ್ ತೂರಿಸೋಕೆ ನಂಗೆ ಬೇರೆ ತೂತು ಮಾಡೋ ಕೆಲಸವೇ ಇರಲ್ಲ. ರೈತನಿಗೆ ಅದು ನಷ್ಟ, ಅದನ್ನ ಮರೀಬಾರ್ದು, ಊಜಿ ಗೂಡು ಜಾಸ್ತಿ ಸಿಕ್ಕಿದ ವಾರ ನಂಗೆ ಖುಷಿ ಪಡೋಕೆ ಆಗಲ್ಲ.

ಇನ್ನೊಂದು, ಮೊಟ್ಟೆ ತೆಗೆಯೋ ಗ್ರೇನೇಜ್‌ಗಳಿಂದ ಬರೋದು. ಬೈವೋಲ್ಟೀನ್ ಬಿತ್ತನೆ ಗೂಡಾದ್ರೆ ಅಲ್ಲಿ ತುದಿ ಕತ್ತರಿಸಿ ಒಳಗಿನ ಕೋಶ, ಅಂದ್ರೆ ಇನ್ನೂ ಚಿಟ್ಟೆ ಆಗದ ಹುಳ, ಹೊರಗೆ ತೆಗೆದು ಗಂಡು ಹೆಣ್ಣು ಬೇರೆ ಮಾಡ್ತಾರೆ. ಉಳಿಯೋ ಖಾಲಿ ಗೂಡು ಕ್ಲೀನಾಗಿರುತ್ತೆ, ಬಟ್ಟಲ ಥರ ಬಾಯಿ ತೆರ್ಕೊಂಡಿರುತ್ತೆ, ಜುಮ್ಕಿಗೆ ಹೇಳಿ ಮಾಡಿಸಿದ್ದು. ಅದ್ರಲ್ಲೂ ತಳಿ ನೋಡಿ ಆಕಾರ, ಸಿಎಸ್‌ಆರ್-2 ಮೊಟ್ಟೆ ಆಕಾರಕ್ಕಿರುತ್ತೆ, ಸಿಎಸ್‌ಆರ್-4 ಕಡಲೆಕಾಯಿ ಥರ ನಡು ಸಣ್ಣ. ನಡು ಇರೋದು ಉದ್ದ ಓಲೆಗೆ, ನಡು ಇಲ್ಲದ್ದು ಜುಮ್ಕಿಗೆ. ಚಿಟ್ಟೆ ತಾನಾಗೇ ಹೊರಗೆ ಬಂದಿರೋ ಗೂಡು ಬೇರೆ ಥರ. ಚಿಟ್ಟೆ ಒಂದು ರಸ ಬಿಟ್ಟು ತುದಿ ಮೆತ್ತಗೆ ಮಾಡಿ, ಎಳೆಗಳನ್ನ ಪಕ್ಕಕ್ಕೆ ತಳ್ಕೊಂಡು ಬರುತ್ತೆ, ಆ ಬಾಯಿ ಸುತ್ತ ನವಿರಾಗಿ ಕೂದಲೆದ್ದ ಹಾಗೆ ಇರುತ್ತೆ. ಅದನ್ನ ಟ್ರಿಮ್ ಮಾಡದೆ ಹಾಗೇ ಬಿಟ್ಟು ಹೂವಿನ ನಡುವಿಗೆ ಬಳಸ್ತೀನಿ, ನಂಗೆ ತುಂಬಾ ಇಷ್ಟ ಅದು.

ಈಗ ಜೋಡಿ ವಿಷಯಕ್ಕೆ ಬರ್ತೀನಿ.

ಬೆಳಿಗ್ಗೆ ತಿಂಡಿ ಕೆಲಸ ಮುಗಿದ್ಮೇಲೆ ಪಡಸಾಲೇಲಿ ಕಿಟಕಿ ಪಕ್ಕ ಕಪ್ಪು ಬಟ್ಟೆ ಹಾಸಿ ಗೂಡು ಸುರ್ಕೊಂಡು ಕೂತ್ಕೊತೀನಿ. ಟ್ಯೂಬ್‌ಲೈಟಲ್ಲಿ ಈ ಕೆಲಸ ಆಗಲ್ಲ, ಎಲ್ಲಾ ಬಿಳಿನೂ ಒಂದೇ ಬಿಳಿ ಥರ ಕಾಣುತ್ತೆ. ಮೊದಲು ಉದ್ದ, ಆಮೇಲೆ ದಪ್ಪ, ಆಮೇಲೆ ಬಣ್ಣ, ಹಾಲು ಬಿಳಿ ಬೇರೆ, ಸ್ವಲ್ಪ ಕೆನೆ ಬಣ್ಣಕ್ಕೆ ತಿರುಗಿದ್ದು ಬೇರೆ, ಸಿಬಿ ಅಂದ್ರೆ ಕ್ರಾಸ್‌ಬ್ರೀಡ್, ಮಿಶ್ರತಳಿ ಗೂಡಿನ ಹಳದಿಯಲ್ಲೇ ಎಷ್ಟೊಂದು ಹಳದಿ. ಇಷ್ಟೆಲ್ಲಾ ಸರಿ ಇದ್ರೂ ಗೋಡೆ ದಪ್ಪ ಬೇರೆ ಇದ್ರೆ ಜೋಡಿ ಕೆಟ್ಟುಹೋಗುತ್ತೆ. ಮೊಬೈಲ್ ಟಾರ್ಚ್ ಮೇಲೆ ಎರಡನ್ನೂ ಅಕ್ಕಪಕ್ಕ ಕವುಚಿ ಹಾಕ್ತೀನಿ, ತೆಳ್ಳಗಿರೋದು ಬೆಳಗುತ್ತೆ, ದಪ್ಪ ಇರೋದು ಮಂಕಾಗಿರುತ್ತೆ, ಆವಾಗ ಗೊತ್ತಾಗುತ್ತೆ. ನಮ್ಮತ್ತೆಗೆ ಟಾರ್ಚೂ ಬೇಡ. ಅವ್ರು ರೀಲಿಂಗ್ ಶೆಡ್ಡಲ್ಲಿ ವರ್ಷಗಟ್ಟಲೆ ಗೂಡು ಆರಿಸಿದೋರು, ಹೆಬ್ಬೆರಳು ತೋರುಬೆರಳಲ್ಲಿ ಒಂದು ಸಲ ಅದುಮಿ ನೋಡಿ "ಇದು ಪೊಳ್ಳು ಕಣಮ್ಮ, ಅದರ ಜೊತೆ ಬೇಡ, ಎತ್ತಿ ಆಕಡೆ ಇಡು" ಅಂದ್ಬಿಡ್ತಾರೆ. ಆಮೇಲೆ ಟಾರ್ಚ್ ಹಾಕಿ ನೋಡಿದ್ರೆ ಅವ್ರು ಹೇಳಿದ್ದೇ ಸರಿ ಇರುತ್ತೆ. ಆ ಬೆರಳಿನ ಜ್ಞಾನಕ್ಕೆ ಒಂದು ಸರ್ಟಿಫಿಕೇಟ್ ಇಲ್ಲ, ಸಂಬಳ ಅಂತ ಸಿಕ್ಕಿದ್ದೂ ತೀರಾ ಕಮ್ಮಿ, ನನ್ನ ಪ್ರತಿ ಜೋಡಿ ಓಲೆಯಲ್ಲೂ ಅದು ಇದೆ ಅಂತ ಇಲ್ಲಿ ಬರೆದಿಡ್ತಾ ಇದೀನಿ.

ಜೋಡಿ ಸಿಕ್ಕ ಕೂಡ್ಲೇ ಎರಡನ್ನೂ ದಾರದಲ್ಲಿ ಪೋಣಿಸಿ ಗಂಟು ಹಾಕ್ಬಿಡಬೇಕು, ಬಣ್ಣಕ್ಕೆ ಹೋಗೋದು ಹಾಗೇ, ಜೊತೇಲೇ. ಬೇರೆ ಬೇರೆ ಪಾತ್ರೆಗೆ ಬಿದ್ರೆ ಮತ್ತೆ ಒಂದಾಗಲ್ಲ. ಬಣ್ಣದಲ್ಲಿ ನೆನಪಿಡಬೇಕಾದ್ದು ಶಾಖ. ಗೂಡು ಗಟ್ಟಿಯಾಗಿ ನಿಂತಿರೋದೇ ಅದರ ಅಂಟಿನಿಂದ, ಸೆರಿಸಿನ್ ಅಂತಾರಲ್ಲ ಅದು. ಸೋಪು ಸೋಡಾ ಹಾಕಿ ಕುದಿಸಿದ್ರೆ ಅಂಟು ಬಿಟ್ಟು ಗೂಡು ಒದ್ದೆ ಹತ್ತಿ ಆಗುತ್ತೆ, ನೂಲಿಗೆ ಅದು ಬೇಕು, ನಂಗೆ ಬೇಡ. ಹಾಗಾಗಿ ಬೆರಳಿಟ್ರೆ ತಡ್ಕೊಳ್ಳೋವಷ್ಟು ಬಿಸಿ ಸಾಕು, ಟೈಮ್ ಜಾಸ್ತಿ ಕೊಡ್ತೀನಿ. ಹಳದಿಗೆ ಚೆಂಡು ಹೂವು, ನಮ್ಮ ಚಿಕ್ಕಬಳ್ಳಾಪುರ ಸೀಮೇಲಿ ಅದಕ್ಕೇನು ಬರ ಇಲ್ಲ, ದಾಳಿಂಬೆ ಸಿಪ್ಪೆ ಇನ್ನೊಂದು, ಎರಡಕ್ಕೂ ಮೊದಲು ಪಟಿಕದ ನೀರಲ್ಲಿ ನೆನೆಸಬೇಕು. ಅರಿಶಿನ ಹಾಕಲ್ಲ, ನೋಡೋಕೆ ಚೆಂದ, ಬಿಸಿಲಿಗೆ ನಿಲ್ಲಲ್ಲ. ಕೆಂಪು, ರಾಣಿ ಪಿಂಕ್, ನವಿಲು ಬಣ್ಣ ಬೇಕಂದ್ರೆ ರೇಷ್ಮೆಗೆ ಹಾಕೋ ಆಸಿಡ್ ಡೈ ತರ್ತೀನಿ, ಅದನ್ನ ನ್ಯಾಚುರಲ್ ಅಂತ ಹೇಳಿ ಮಾರಲ್ಲ. ಬೋರ್ ನೀರು ಇಲ್ಲಿ ಗಡಸು, ಒಂದೇ ಹೂವಲ್ಲಿ ಬೇರೆ ಬೇರೆ ಬಣ್ಣ ಬರುತ್ತೆ, ಅದಕ್ಕೆ ಮಳೆ ನೀರು ಡ್ರಮ್ಮಲ್ಲಿ ಹಿಡಿದು ಇಟ್ಕೊಂಡಿದೀನಿ. ಒಣಗಿಸೋದು ನೆರಳಲ್ಲೇ. ಬಿಸಿಲಿಗೆ ರೇಷ್ಮೆ ಹಳದಿಗೆ ತಿರುಗುತ್ತೆ. ಆಷಾಢದ ಗಾಳೀಲಿ ಮೇಲೆ ಸೊಳ್ಳೆ ಪರದೆ ಹೊದಿಸದೇ ಇದ್ರೆ ಗೂಡೆಲ್ಲಾ ಬೀದೀಲಿ ಇರ್ತವೆ.

ಆಮೇಲಿಂದು ಬೇಗ ಬೇಗ ಆಗೋ ಕೆಲಸ. ಬಾಯಿ ಸಮ ಕತ್ತರಿಸಿ, ಒಳಗೆ ನೀರು ಬೆರೆಸಿದ ಫೆವಿಕಾಲ್ ಒಂದು ಕೋಟ್, ಅಂಚಿಗೆ ಜರಿ ದಾರ ಸುತ್ತಿ, ಮುತ್ತು ಪೋಣಿಸಿ, ಹುಕ್ ಹಾಕೋದು. ಮುತ್ತು, ಹುಕ್, ಜಂಪ್ ರಿಂಗ್ ಎಲ್ಲಾ ಬೆಂಗಳೂರು ಚಿಕ್ಕಪೇಟೆಯಿಂದ, ವಿಜಯಪುರ ದೇವನಹಳ್ಳಿ ಮೇಲೆ ಬಸ್ಸಲ್ಲಿ ಹೋಗಿ ಸಂಜೆಗೆ ವಾಪಸ್.

ಬೈವೋಲ್ಟೀನ್ ಗೂಡಿನ ಬರೀ ಸಿಪ್ಪೆ ತೂಕ ಅರ್ಧ ಗ್ರಾಮ್ ಕೂಡ ಇರಲ್ಲ. ಇದು ನಂಗೆ ಲೆಕ್ಕಕ್ಕೆ ಮಾತ್ರ ಗೊತ್ತಿತ್ತು, ಅದರ ಬೆಲೆ ಗೊತ್ತಾಗಿದ್ದು ವಯಸ್ಸಾದೋರು ಹುಡುಕ್ಕೊಂಡು ಬರೋಕೆ ಶುರು ಮಾಡಿದ್ಮೇಲೆ. ವರ್ಷಾನುಗಟ್ಟಲೆ ಭಾರದ ಓಲೆ ಹಾಕಿ ಕಿವಿ ತೂತು ಉದ್ದಕ್ಕೆ ಸೀಳಿರೋರು, ಬೇವಿನ ಕಡ್ಡಿ ಇಟ್ಕೊಂಡು ಓಡಾಡ್ತಿದ್ದೋರು, "ಮದುವೆ ಮನೆಗೆ ಹಾಕ್ಕೊಂಡು ಹೋಗೋ ಥರ ಮಾಡ್ಕೊಡವ್ವ, ನೋಯಬಾರ್ದು" ಅಂತಾರೆ. ಅವ್ರಿಗೆ ಮಾಡೋದು ನಂಗೆ ಎಲ್ಲಕ್ಕಿಂತ ಇಷ್ಟವಾದ ಆರ್ಡರ್, ದೊಡ್ಡ ಜುಮ್ಕಿ, ತುಂಬಾ ಮುತ್ತು ಬೇಡ, ಹಿಂದುಗಡೆ ಅಗಲದ ತಿರುಪು.

ಅಂಗಡಿ ಆರ್ಡರ್ ಬಗ್ಗೆ ಒಂದು ಮಾತು. ಬೆಂಗಳೂರಿನ ಒಂದು ಅಂಗಡಿಯೋರು ಸ್ಯಾಂಪಲ್ ನೋಡಿ ಮೆಚ್ಚಿ ದೊಡ್ಡ ಆರ್ಡರ್ ಕೊಟ್ರು, ಕೊಟ್ಟ ಮೇಲೆ ಬಾಕ್ಸ್ ವಾಪಸ್ ಬಂತು, ಒಂದು ಜೋಡಿ ಥರ ಇನ್ನೊಂದು ಜೋಡಿ ಇಲ್ಲ, ಕ್ಯಾಟಲಾಗ್ ಫೋಟೋಗೆ ಮ್ಯಾಚ್ ಆಗಲ್ಲ ಅಂತ. ಜೋಡಿಯೊಳಗೆ ಎರಡೂ ಒಂದೇ ಇರಬೇಕು, ಅದು ನನ್ನ ಜವಾಬ್ದಾರಿ, ಆದ್ರೆ ಎಲ್ಲಾ ಜೋಡಿನೂ ಒಂದೇ ಇರಬೇಕು ಅಂದ್ರೆ ಅದಕ್ಕೆ ಪ್ಲಾಸ್ಟಿಕ್ ಇದೆ. ವಾಪಸ್ ಬಂದಿದ್ದನ್ನೆಲ್ಲಾ ಒಂದೊಂದೇ ಫೋಟೋ ತೆಗೆದು ವಾಟ್ಸಾಪಲ್ಲಿ ಹಾಕಿದೆ, ನಿಧಾನಕ್ಕೆ ಹೋದ್ವು, ಅಲ್ಲಿಂದ ಮುಂದೆ ಕ್ಯಾಟಲಾಗ್ ಅಂತ ಮಾಡೇ ಇಲ್ಲ. ಏನು ಜೋಡಿ ಆಗಿದೆಯೋ ಅದನ್ನ ತೋರಿಸ್ತೀನಿ, ಇಷ್ಟ ಆದ್ರೆ ತಗೊಳ್ಳಿ.

ಇನ್ನೊಬ್ರು "ಅಹಿಂಸಾ ಜ್ಯುವೆಲ್ರಿ ಅಂತ ಹಾಕಿ, ಚೆನ್ನಾಗಿ ಹೋಗುತ್ತೆ" ಅಂದ್ರು, ಒಳ್ಳೇದಕ್ಕೇ ಹೇಳಿದ್ದು. ಆದ್ರೆ ಊಜಿ ಗೂಡಲ್ಲಿ ಹುಳ ಸತ್ತೇ ಇರುತ್ತೆ. ಗ್ರೇನೇಜಲ್ಲಿ ಚಿಟ್ಟೆ ಹೊರಗೆ ಬರುತ್ತೆ ನಿಜ, ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನ ಅರೆದು ಮೈಕ್ರೋಸ್ಕೋಪಲ್ಲಿ, ತಾಯಿಯಿಂದ ಮೊಟ್ಟೆಗೆ ದಾಟೋ ಗಂಟುರೋಗ ಇದೆಯಾ ಅಂತ ನೋಡ್ತಾರೆ, ಲೂಯಿ ಪಾಶ್ಚರ್ ಕಾಲದಿಂದ ಬಂದಿರೋ ಪದ್ಧತಿ, ಅದು ಮಾಡದೇ ಇದ್ರೆ ರೈತನ ಬೆಳೆ ಪೂರ್ತಿ ಹೋಗುತ್ತೆ. ಇದೆಲ್ಲಾ ಗೊತ್ತಿದ್ದು ಆ ಪದ ನಾನು ಹೇಗೆ ಹಾಕ್ಲಿ. ಬೇಡವಾದ ಗೂಡು, ಕೈಕೆಲಸ, ಇಷ್ಟೇ ಬರೀತೀನಿ.

ಬೆಲೆ. ಜುಮ್ಕಿ ಜೋಡಿ 350 ರೂಪಾಯಿ. ವೇಸ್ಟ್ ಗೂಡಿಗೆ ಇಷ್ಟಾ ಅಂತ ಕೇಳ್ತಾರೆ, ನಂಗೆ ಗೂಡು ಕೊಡೋ ರೀಲರ್ ಭಾಯಿನೂ ಕೇಳ್ತಾರೆ, "ಏನಕ್ಕಾ, ನಾನು ಕೆಜಿಗೆ ಕೊಡೋ ರೇಟು ನೋಡು, ನೀನು ಎರಡಕ್ಕೆ ಹೇಳೋ ರೇಟು ನೋಡು" ಅಂತ. ಅವ್ರನ್ನ ಒಂದು ದಿನ ಕಿಟಕಿ ಪಕ್ಕ ಕೂರಿಸಿ ಇದ್ರಲ್ಲಿ ಒಂದು ಜೋಡಿ ಹುಡುಕಿ ಭಾಯಿ ಅಂದೆ. ಗೂಡಿನ ಮಧ್ಯೆ ಹುಟ್ಟಿ ಬೆಳೆದ ಮನುಷ್ಯ, ಟೀ ಆರಿ ತಣ್ಣಗಾಗೋವರೆಗೂ ಹುಡುಕಿದ್ರು, ಒಂದು ಜೋಡಿ ಮಾಡಿದ್ರು, ಟಾರ್ಚ್ ಮೇಲೆ ಇಟ್ಟು ತೋರಿಸಿದೆ, ಸುಮ್ನೆ ಇನ್ನೊಂದು ಹುಡುಕೋಕೆ ಶುರು ಮಾಡಿದ್ರು. ಈಗ ಅವ್ರೇ ಆರಿಸೋವಾಗ ನಡು ಇರೋ ಊಜಿ ಗೂಡು ಕಂಡ್ರೆ ಬೇರೆ ಕವರಲ್ಲಿ ಎತ್ತಿಟ್ಟಿರ್ತಾರೆ. ಬಳೆ ಮಾರ್ಕೊಂಡು ಊರೂರು ತಿರುಗಿದ ಕೈವಾರ ತಾತಯ್ಯನ ಸೀಮೆ ನಮ್ದು, ಹೆಂಗಸ್ರ ಒಡವೆ ಅಂದ್ರೆ ಇಲ್ಲಿ ಯಾರಿಗೂ ಸಣ್ಣ ವಿಷಯ ಅಲ್ಲ, ಹೇಳಿದ್ರೆ ಅರ್ಥ ಮಾಡ್ಕೊತಾರೆ.

ಜೋಡಿ ಸಿಗದೆ ಉಳಿದ ಗೂಡೂ ಬಿಸಾಕಲ್ಲ. ಸರದ ಪದಕಕ್ಕೆ ಒಂದೇ ಸಾಕು, ತುಂಬಾ ಚೆನ್ನಾಗಿರೋವು ಅಲ್ಲಿಗೆ ಹೋಗ್ತವೆ. ಮಿಕ್ಕಿದ್ದು ಬಣ್ಣ, ಉದ್ದ ಬರೆದು ಡಬ್ಬಿಗಳಲ್ಲಿ ಇಟ್ಟಿದೀನಿ, ಅದಕ್ಕೆ ಕಾರಣ ಇದೆ. ನನ್ನ ಹತ್ರ ಓಲೆ ತಗೊಂಡೋರು ಯಾರಾದ್ರೂ ಒಂದು ಕಿವಿದು ಕಳ್ಕೊಂಡಿದ್ರೆ ಇನ್ನೊಂದನ್ನ ಬಿಸಾಕ್ಬೇಡಿ, ನಂಗೆ ಕಳ್ಸಿ. ಹೊಸ ಜೋಡಿ ಮಾಡೋದಕ್ಕಿಂತ ಇದಕ್ಕೆ ಟೈಮ್ ಜಾಸ್ತಿ ಹಿಡಿಯುತ್ತೆ, ಯಾಕಂದ್ರೆ ಈಗಾಗ್ಲೇ ಇರೋ ಒಂದಕ್ಕೆ ಸರಿಯಾಗಿ ಹುಡುಕ್ಬೇಕು, ಹಾಕಿ ಹಾಕಿ ಬಣ್ಣ ಎಷ್ಟು ಇಳಿದಿದೆ ಅದಕ್ಕೂ ಸೇರಿಸಿ. ತಿಂಗಳಾದ್ರೂ ಆಗ್ಬಹುದು. ಅರ್ಧ ದುಡ್ಡು ತಗೊತೀನಿ, ಸಿಕ್ಕಿಲ್ಲ ಅಂದ್ರೆ ಏನೂ ತಗೊಳ್ಳಲ್ಲ. ಕಳ್ಸೋವಾಗ ಹತ್ತಿ ಸುತ್ತಿ ಗಟ್ಟಿ ಡಬ್ಬೀಲಿ ಹಾಕಿ, ಬರೀ ಕವರಲ್ಲಿ ಕಳ್ಸಿದ್ರೆ ದಾರೀಲಿ ಅಪ್ಪಚ್ಚಿ ಆಗಿರುತ್ತೆ.